ಬೇಸಿಗೆಯ ಮಜ್ಜಿಗೆ: ಯಾರಿಗೆ, ಎಷ್ಟು, ಹೇಗೆ?



ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದೊಡನೆ ಶ್ರೀಮಠದ ಕಾರ್ಯಾಲಯಕ್ಕೆ ಮಜ್ಜಿಗೆಯ ವಿಷಯವಾಗಿ ಒಂದಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಈ ಸಲ ಬಂದ ಎರಡು ಪ್ರಶ್ನೆಗಳು ವಿಚಾರಕ್ಕೆ ಯೋಗ್ಯವಾಗಿವೆ. ಬದಿಯಡ್ಕ ಕಡೆಯ ಅಡಿಕೆ ಬೆಳೆಗಾರರೊಬ್ಬರು ಹೀಗೆ ಕೇಳಿದ್ದಾರೆ: “ತೋಟದಲ್ಲಿ ದುಡಿಯುವವರಿಗೆ ಹೊತ್ತು ಹೊತ್ತಿಗೆ ಉಪ್ಪು ಹಾಕಿದ ಮಜ್ಜಿಗೆ ಕೊಡುವುದು ನಮ್ಮ ಮನೆಯ ಪದ್ಧತಿ. ಬೇಸಿಗೆಯಲ್ಲಿ ಮಜ್ಜಿಗೆ ಕೊಡಕೂಡದೆಂದು ಆಯುರ್ವೇದದಲ್ಲಿಯೇ ಹೇಳಿದೆಯಂತೆ. ಇನ್ನು ನಿಲ್ಲಿಸಬೇಕೇ?” ಕಾಸರಗೋಡು ಪೇಟೆಯ ವ್ಯಾಪಾರಸ್ಥರೊಬ್ಬರ ಪ್ರಶ್ನೆ ಬೇರೆ: “ನನಗೆ ಬಿ.ಪಿ. ಇದೆ. ಕಾಫಿ, ಸೋಡಾ ಎಲ್ಲವನ್ನೂ ಬಿಟ್ಟು ದಿನಕ್ಕೆ ನಾಲ್ಕು ಲೋಟ ಮಜ್ಜಿಗೆ ಕುಡಿಯುತ್ತಿದ್ದೇನೆ. ಆದರೂ ಬಿ.ಪಿ. ಇಳಿಯುವುದಿಲ್ಲ. ಕಾರಣವೇನು?”

ಮೇಲುನೋಟಕ್ಕೆ ಎರಡು ಪ್ರಶ್ನೆಗಳಿಗೂ ಸಂಬಂಧವಿಲ್ಲ. ಆದರೆ ಎರಡರ ಉತ್ತರವೂ ಒಂದೇ ಕಡೆ ಇದೆ. ಆ ಲೋಟದಲ್ಲಿ ಮೊಸರೆಷ್ಟು, ನೀರೆಷ್ಟು, ಉಪ್ಪೆಷ್ಟು ಮತ್ತು ಅದನ್ನು ಕುಡಿಯುವವರ ಮೈಯಿಂದ ಅಂದು ಎಷ್ಟು ಬೆವರು ಹರಿದಿದೆ ಎಂಬಲ್ಲಿ. ನಾವು ವೈದ್ಯರಲ್ಲ, ಓದಿದ್ದು ವಾಣಿಜ್ಯಶಾಸ್ತ್ರ, ನೋಡಿಕೊಳ್ಳುವುದು ಮಠದ ಲೆಕ್ಕಪತ್ರ. ಆದ್ದರಿಂದ ಈ ಲೇಖನದಲ್ಲಿ ಜಮಾ ಖರ್ಚಿನ ಮಾತು ಸ್ವಲ್ಪ ಹೆಚ್ಚಾಗಿ ಕಂಡರೆ ಓದುಗರು ಸಹಿಸಿಕೊಳ್ಳಬೇಕು.

ಮೊದಲು ವಸ್ತುವಿನ ಪರಿಚಯ ಮಾಡಿಕೊಳ್ಳೋಣ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಹೆಸರುಗಳೇ ಹಲವು. ಕನ್ನಡದಲ್ಲಿ ಮಜ್ಜಿಗೆ, ತುಳುವಿನಲ್ಲಿ ಅಲೆ, ಮಲಯಾಳದಲ್ಲಿ ಮೋರು, ಕೊಂಕಣಿ ಮರಾಠಿ ಮನೆಗಳಲ್ಲಿ ತಾಕ. ಅದಕ್ಕೆ ಶುಂಠಿ, ಹಸಿಮೆಣಸು, ಕರಿಬೇವು ಜಜ್ಜಿ ಹಾಕಿ ಉಪ್ಪು ಬೆರೆಸಿದರೆ ಕೇರಳದವರ ಸಂಭಾರಂ ಆಯಿತು. ಗುಜರಾತಿನವರು ಛಾಸ್ ಎನ್ನುತ್ತಾರೆ. ತುರ್ಕಿಯಲ್ಲಿ ಐರಾನ್, ಇರಾನಿನಲ್ಲಿ ದೂಗ್ ಎಂಬ ಹೆಸರಿನಿಂದ ಇದೇ ಉಪ್ಪು ಮಜ್ಜಿಗೆ ಊಟದ ಜೊತೆ ಬರುತ್ತದೆ. ಬಿಸಿಲಿನ ದೇಶಗಳವರು ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಪಾನೀಯಕ್ಕೆ ಬಂದು ನಿಂತಿದ್ದಾರೆ ಎಂದಮೇಲೆ ಅದರಲ್ಲಿ ಏನೋ ಹುರುಳಿರಲೇಬೇಕು.

ಹಾಲಿಗೆ ಹೆಪ್ಪು ಹಾಕಿದಾಗ ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯ ಒಂದು ಭಾಗವನ್ನು ತಿಂದು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಹುಳಿ ಬರುವುದು ಅದರಿಂದ. ಹಾಲು ಗಟ್ಟಿಯಾಗುವುದೂ ಅದರಿಂದಲೇ. ಈ ಮೊಸರನ್ನು ಕಡೆಗೋಲಿನಿಂದ ಕಡೆದು ಬೆಣ್ಣೆ ತೆಗೆದರೆ ಉಳಿಯುವುದು ಮಜ್ಜಿಗೆ. ಕೊಬ್ಬು ಬೆಣ್ಣೆಯೊಡನೆ ಹೋಯಿತು. ಸುಣ್ಣದ ಅಂಶ, ಸಸಾರಜನಕ, ಬಿ ಗುಂಪಿನ ಕೆಲವು ಜೀವಸತ್ವಗಳು ಉಳಿದವು. ದೊಡ್ಡವರಾದ ಮೇಲೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ನಮ್ಮ ದಕ್ಷಿಣದಲ್ಲಿ ಬಹಳ ಮಂದಿ ಇದ್ದಾರೆ. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ವಯಸ್ಸಿನೊಡನೆ ಕುಗ್ಗುವುದು ಇದಕ್ಕೆ ಕಾರಣ. ಅಂಥವರಿಗೂ ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ. ಸಕ್ಕರೆಯ ಒಂದು ಪಾಲನ್ನು ಹೆಪ್ಪು ಮೊದಲೇ ತಿಂದಿರುತ್ತದೆ, ಉಳಿದದ್ದು ನೀರಿನಲ್ಲಿ ತೆಳುವಾಗಿರುತ್ತದೆ.

ಪೌಷ್ಟಿಕಾಂಶದ ವಿಷಯದಲ್ಲಿ ಅತಿಶಯೋಕ್ತಿ ಬೇಡ. ಒಂದು ಪಾಲು ಮೊಸರಿಗೆ ನಾಲ್ಕು ಪಾಲು ನೀರು ಬೆರೆಸಿದರೆ ೨೦೦ ಮಿಲಿಲೀಟರಿನ ಲೋಟದಲ್ಲಿ ಇರುವ ಮೊಸರು ೪೦ ಮಿಲಿಲೀಟರ್ ಮಾತ್ರ. ಅದರಿಂದ ದೊರೆಯುವ ಸಸಾರಜನಕ ಒಂದೂವರೆ ಗ್ರಾಂ ಆಸುಪಾಸು. ಎಲುಬು ಗಟ್ಟಿಯಾಗಲಿ ಎಂಬ ಉದ್ದೇಶವಿದ್ದರೆ ಊಟದಲ್ಲಿ ಮೊಸರನ್ನೇ ಉಣ್ಣಬೇಕು. ಅರ್ಬುದ ಬರುವುದಿಲ್ಲ, ಆಯುಷ್ಯ ನೂರಾಗುತ್ತದೆ ಎಂದೆಲ್ಲ ಕರಪತ್ರಗಳಲ್ಲಿ ಅಚ್ಚಾಗುವುದನ್ನು ನಾವೂ ನೋಡಿದ್ದೇವೆ. ಆಯುಷ್ಯದ ಮಾತು ಹೊಸದಲ್ಲ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ರಷ್ಯಾದ ವಿಜ್ಞಾನಿ ಮೆಚ್ನಿಕಾಫ್, ೧೯೦೮ರಲ್ಲಿ ನೊಬೆಲ್ ಬಹುಮಾನ ಪಡೆದವರು, ಬಲ್ಗೇರಿಯದ ರೈತರ ದೀರ್ಘಾಯುಷ್ಯಕ್ಕೆ ಅವರು ಉಣ್ಣುವ ಹುಳಿಹಾಲೇ ಕಾರಣವೆಂದು ಬರೆದರು. ಆ ಮಾತು ಸಿದ್ಧವಾಗಲಿಲ್ಲ. ಆದರೆ ಕರುಳಿನ ಸೂಕ್ಷ್ಮಜೀವಿಗಳಿಗೂ ಆರೋಗ್ಯಕ್ಕೂ ನಂಟಿದೆ ಎಂಬ ವಿಚಾರಕ್ಕೆ ಅದು ದಾರಿ ಮಾಡಿಕೊಟ್ಟಿತು. ಆ ಸಂಶೋಧನೆ ಈಗಲೂ ನಡೆದಿದೆ. ಮಜ್ಜಿಗೆಯ ನಿಜವಾದ ಬಲ ಇರುವುದು ಬೇರೆ ಕಡೆ.

ಈಗ ಬೆಳೆಗಾರರ ಪ್ರಶ್ನೆಗೆ ಬರೋಣ. ಅವರಿಗೆ ಹೇಳಿದವರು ಸುಳ್ಳು ಹೇಳಿಲ್ಲ. ಗಾಯಗೊಂಡವರಿಗೆ, ದುರ್ಬಲರಿಗೆ, ಮೂರ್ಛೆ, ತಲೆಸುತ್ತು, ಉರಿ ಇರುವವರಿಗೆ, ರಕ್ತಪಿತ್ತದ ರೋಗಿಗಳಿಗೆ ಮತ್ತು ಉಷ್ಣಕಾಲದಲ್ಲಿ ತಕ್ರವನ್ನು ಕೊಡಬಾರದೆಂದು ಸುಶ್ರುತ ಸಂಹಿತೆಯಲ್ಲಿ ಸ್ಪಷ್ಟವಾಗಿ ಇದೆ. ಅದೇ ಆಯುರ್ವೇದದಲ್ಲಿ ಚರಕರು ಮೂಲವ್ಯಾಧಿಗೂ ಗ್ರಹಣಿಗೂ ತಕ್ರವನ್ನು ಬಹಳವಾಗಿ ಹೊಗಳಿದ್ದಾರೆ. ಕೇರಳದ ವೈದ್ಯರು ಹೆಚ್ಚಾಗಿ ಆಧರಿಸುವ ಅಷ್ಟಾಂಗಹೃದಯವೂ ಅದನ್ನು ಹಗುರವಾದದ್ದು, ಹಸಿವನ್ನು ಹೆಚ್ಚಿಸುವಂಥದ್ದು ಎನ್ನುತ್ತದೆ. ಹಾಗಾದರೆ ಬೇಸಿಗೆಗೆ ಮಾತ್ರ ನಿಷೇಧವೇಕೆ?

ಇದಕ್ಕೆ ಉತ್ತರ ಸಿಕ್ಕುವುದು ಹದಿನಾರನೆಯ ಶತಮಾನದ ಭಾವಮಿಶ್ರರು ಬರೆದ ಭಾವಪ್ರಕಾಶದಲ್ಲಿ. ನಾವು ಎಲ್ಲವನ್ನೂ ಮಜ್ಜಿಗೆ ಎಂಬ ಒಂದೇ ಮಾತಿನಿಂದ ಕರೆದುಬಿಡುತ್ತೇವೆ. ಭಾವಮಿಶ್ರರು ಅದನ್ನು ಐದಾಗಿ ವಿಂಗಡಿಸುತ್ತಾರೆ. ಕೆನೆಸಹಿತವಾಗಿ, ನೀರು ಹಾಕದೆ ಕಡೆದದ್ದು ಘೋಲ. ಕೆನೆ ತೆಗೆದು, ನೀರು ಹಾಕದೆ ಕಡೆದದ್ದು ಮಥಿತ. ಕಾಲು ಪಾಲು ನೀರು ಹಾಕಿದ್ದು ತಕ್ರ. ಅರ್ಧ ನೀರು ಹಾಕಿದ್ದು ಉದಶ್ವಿತ್. ಬೆಣ್ಣೆ ತೆಗೆದು, ತಿಳಿನೀರನ್ನು ಧಾರಾಳವಾಗಿ ಬೆರೆಸಿದ್ದು ಛಚ್ಛಿಕಾ. ಈ ಕೊನೆಯದು ತಂಪು, ಹಗುರ. ಪಿತ್ತವನ್ನೂ ಶ್ರಮವನ್ನೂ ಬಾಯಾರಿಕೆಯನ್ನೂ ಕಳೆಯುತ್ತದೆ. ಉಪ್ಪು ಬೆರೆಸಿದರೆ ಜೀರ್ಣಶಕ್ತಿಯನ್ನು ಹೆಚ್ಚಿಸುತ್ತದೆ ಎಂದು ಅವರು ಹೇಳುತ್ತಾರೆ.

ಗಮನಿಸಬೇಕು: ನಿಷೇಧವಿರುವುದು ತಕ್ರಕ್ಕೆ, ಅಂದರೆ ಮಂದವಾಗಿ ಕಡೆದ ಹುಳಿ ಮಜ್ಜಿಗೆಗೆ. ತೋಟದಲ್ಲಿ ಕೊಡುವುದು ನೀರು ಮಜ್ಜಿಗೆ. ಶ್ರಮ ಮತ್ತು ಬಾಯಾರಿಕೆ ಎಂಬ ಎರಡು ಮಾತುಗಳನ್ನು ಹಿಡಿದು ನೋಡಿದರೆ, ಆ ಗ್ರಂಥಕಾರರು ಬಿಸಿಲಿನಲ್ಲಿ ದುಡಿಯುವವನನ್ನೇ ಕಣ್ಣೆದುರು ಇಟ್ಟುಕೊಂಡು ಬರೆದಂತಿದೆ. ಆದ್ದರಿಂದ ಬದಿಯಡ್ಕದ ಭಕ್ತರು ತಮ್ಮ ಮನೆಯ ಪದ್ಧತಿಯನ್ನು ಬಿಡಬೇಕಾಗಿಲ್ಲ. ಮಜ್ಜಿಗೆ ತಾಜಾ ಇರಲಿ, ತೆಳುವಾಗಿರಲಿ, ಅಷ್ಟೆ. ಮೂರು ದಿನದ ಹುಳಿ ಮೊಸರನ್ನು ಖಾಲಿ ಮಾಡುವ ಉಪಾಯವಾಗಿ ಕೆಲಸದವರಿಗೆ ಮಜ್ಜಿಗೆ ಕೊಡುವ ಮನೆಗಳೂ ಇವೆ. ಅಂಥವರಿಗೆ ಸುಶ್ರುತರ ಮಾತು ಪೂರ್ತಿ ಅನ್ವಯಿಸುತ್ತದೆ!

ಇನ್ನು ಬೆವರಿನ ವಿಚಾರ. ವಿಜಯಪುರ, ಕಲಬುರಗಿ ಕಡೆಯಿಂದ ಇಲ್ಲಿಗೆ ಬರುವ ನೆಂಟರು ಸಾಮಾನ್ಯವಾಗಿ ನಗುತ್ತಾರೆ: “ನಿಮ್ಮದೇನು ಬಿಸಿಲು? ನಮ್ಮಲ್ಲಿ ೪೦ ಡಿಗ್ರಿ ದಾಟುತ್ತದೆ.” ಎರಡು ದಿನ ಇಲ್ಲಿದ್ದರೆ ಅವರೇ ಪಂಚೆ ಹಿಂಡಿಕೊಳ್ಳುತ್ತಾ ಸೋತೆವೆನ್ನುತ್ತಾರೆ. ಬೆವರು ಮೈಯಿಂದ ಸುರಿಯುವುದರಿಂದ ದೇಹ ತಂಪಾಗುವುದಿಲ್ಲ. ಅದು ಮೈಮೇಲೆ ಆವಿಯಾಗಬೇಕು. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು ೫೮೦ ಕಿಲೋಕ್ಯಾಲರಿ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಬಯಲುಸೀಮೆಯ ಒಣಗಾಳಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಕುಂಬಳೆ, ಮಂಜೇಶ್ವರ, ಉಪ್ಪಳದಂಥ ಕರಾವಳಿಯಲ್ಲಿ ಗಾಳಿಯೇ ನೀರಿನಿಂದ ತುಂಬಿರುತ್ತದೆ. ಬೆವರು ಆವಿಯಾಗದೆ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ಮೈ ತಂಪಾಗುವುದಿಲ್ಲ, ದೇಹ ಇನ್ನಷ್ಟು ಬೆವರುತ್ತದೆ. ಅಡಿಕೆ ತೋಟದೊಳಗೆ ನೆರಳಿದೆ ನಿಜ, ಆದರೆ ಗಾಳಿಯಾಡುವುದಿಲ್ಲ. ನೀರು ಬಿಟ್ಟ ನೆಲದ ತೇವವೂ ಸೇರುತ್ತದೆ. ಅಡಿಕೆ ಒಣಹಾಕಿದ ಅಂಗಳದಲ್ಲಿ ನೆರಳೂ ಇಲ್ಲ.

ಬಿಸಿಲಿನಲ್ಲಿ ಕಷ್ಟದ ಕೆಲಸ ಮಾಡುವವನ ಮೈಯಿಂದ ಗಂಟೆಗೆ ಒಂದು ಲೀಟರಿನವರೆಗೂ ಬೆವರು ಹೋಗಬಹುದು. ಒಂದು ಲೀಟರ್ ಬೆವರಿನಲ್ಲಿ ಸುಮಾರು ಒಂದರಿಂದ ನಾಲ್ಕು ಗ್ರಾಂ ಉಪ್ಪು ಇರುತ್ತದೆ. ಮನುಷ್ಯನಿಂದ ಮನುಷ್ಯನಿಗೆ ವ್ಯತ್ಯಾಸ ಬಹಳ. ಬಿಸಿಲಿಗೆ ಪಳಗಿದ ದೇಹ ಉಪ್ಪನ್ನು ಹಿಡಿದಿಟ್ಟುಕೊಳ್ಳಲು ಕಲಿಯುತ್ತದೆ, ಅದಕ್ಕೆ ಒಂದೆರಡು ವಾರ ಬೇಕು. ಬೇಸಿಗೆಯ ಮೊದಲ ವಾರಗಳಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದವರಲ್ಲಿ, ಬಹುದಿನ ಕಾಯಿಲೆ ಮಲಗಿ ಎದ್ದು ಬಂದವರಲ್ಲಿ ತೊಂದರೆ ಹೆಚ್ಚಾಗಿ ಕಾಣುವುದು ಇದರಿಂದ. ಬಂಗಾಳ, ಅಸ್ಸಾಂ, ಒಡಿಶಾಗಳಿಂದ ಬಂದು ನಮ್ಮ ಭಕ್ತರ ತೋಟಗಳಲ್ಲಿ, ಗೋದಾಮುಗಳಲ್ಲಿ ದುಡಿಯುವ ಹುಡುಗರನ್ನೂ ಮೊದಲ ವಾರ ಅರ್ಧ ಕೆಲಸಕ್ಕೆ ಹಚ್ಚಬೇಕು. ಅವರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಲು ಭಾಷೆಯೂ ಬಾರದು.

ಈಗ ಲೆಕ್ಕ ಹಾಕೋಣ. ಬೆಳಗಿನಿಂದ ಮಧ್ಯಾಹ್ನದೊಳಗೆ ಒಬ್ಬನ ಮೈಯಿಂದ ಮೂರು ಲೀಟರ್ ಬೆವರು ಹೋಯಿತೆನ್ನಿ. ಲೀಟರಿಗೆ ಎರಡು ಗ್ರಾಂನಂತೆ ಹಿಡಿದರೂ ಉಪ್ಪಿನ ಖಾತೆಯಲ್ಲಿ ಖರ್ಚು ಆರು ಗ್ರಾಂ. ಆತ ಬರಿಯ ಬಾವಿನೀರನ್ನೇ ಮೂರು ಲೀಟರ್ ಕುಡಿದರೆ ನೀರಿನ ಖಾತೆ ಸರಿಹೋಯಿತು, ಉಪ್ಪಿನ ಖಾತೆಯಲ್ಲಿ ಜಮಾ ಸೊನ್ನೆ. ರಕ್ತದಲ್ಲಿನ ಉಪ್ಪು ತೆಳುವಾಗುತ್ತಾ ಹೋಗುತ್ತದೆ. ಮೀನಖಂಡ ಹಿಡಿದುಕೊಳ್ಳುವುದು, ತಲೆನೋವು, ವಾಕರಿಕೆ, ನಿಂತಲ್ಲಿ ಕಣ್ಣು ಕತ್ತಲೆ ಬರುವುದು, ಇವೆಲ್ಲ ಆ ಖಾತೆಯ ಬಾಕಿ. ಅದೇ ಮನುಷ್ಯ ಎರಡು ಲೀಟರ್ ನೀರಿನ ಜೊತೆಗೆ ಒಂದು ಲೀಟರ್ ಉಪ್ಪು ಮಜ್ಜಿಗೆಯನ್ನು ಐದು ಲೋಟಗಳಾಗಿ ಕುಡಿದರೆ ಮೂರು ಗ್ರಾಂ ಉಪ್ಪು ಅಲ್ಲಿಯೇ ಬಂದಿತು. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿಯೋ ಚಟ್ನಿಯೋ ಸೇರಿದರೆ ಉಳಿದದ್ದೂ ತೀರಿತು. ಗಂಜಿಯನ್ನು ತಿಳಿಯ ಸಹಿತ ಉಣ್ಣುವ ಹಳಬರ ಪದ್ಧತಿಯಲ್ಲಿ ಅರ್ಥವಿತ್ತು. ಕಟ್ಟಿಗೆ ಮಾರಿ ಬದುಕಿದ ಮೋಳಿಗೆಯ ಮಾರಯ್ಯ ದಂಪತಿಗಳು ಜಂಗಮರಿಗೆ ನಿತ್ಯ ನೀಡುತ್ತಿದ್ದುದು ಅಂಬಲಿ ಎಂಬುದನ್ನು ಭಕ್ತರು ಬಲ್ಲರು. ಬಿಸಿಲಿನಲ್ಲಿ ನಡೆದು ಬಂದವನಿಗೆ ಅದಕ್ಕಿಂತ ಸರಿಯಾದ ಆಹಾರ ಮತ್ತೊಂದಿಲ್ಲ.

ಲೀಟರಿಗೆ ಮೂರು ಗ್ರಾಂ ಎಂಬ ಅಳತೆ ನಾವು ಕಟ್ಟಿದ್ದಲ್ಲ. ವಾಂತಿಭೇದಿಯಾದಾಗ ಮನೆಯಲ್ಲಿಯೇ ಕೊಡಬಹುದಾದ ಪಾನೀಯಗಳ ಪೈಕಿ ವಿಶ್ವ ಆರೋಗ್ಯ ಸಂಸ್ಥೆ ಉಪ್ಪು ಬೆರೆಸಿದ ಗಂಜಿ ತಿಳಿಯನ್ನೂ ಉಪ್ಪು ಬೆರೆಸಿದ ಮೊಸರಿನ ಪಾನೀಯವನ್ನೂ ಹೆಸರಿಸಿ ಹೇಳಿದೆ. ಉಪ್ಪು ಲೀಟರಿಗೆ ಸುಮಾರು ಮೂರು ಗ್ರಾಂ ಇರಬೇಕೆಂದಿದೆ. ಆಸ್ಪತ್ರೆಯಲ್ಲಿ ಕೊಡುವ ಓ.ಆರ್.ಎಸ್. ಪೊಟ್ಟಣದಲ್ಲಿಯೂ, ೨೦೦೨ರ ನಂತರದ ಸೂತ್ರದಂತೆ, ಒಂದು ಲೀಟರಿಗೆ ಅಡುಗೆ ಉಪ್ಪು ೨.೬ ಗ್ರಾಂ ಇದೆ. ನಮ್ಮ ಅಜ್ಜಿಯರ ಕೈಯಳತೆ ಇದರ ಹತ್ತಿರವೇ ಇತ್ತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಬಿಸಿಗಾಳಿಯ ಕಾಲಕ್ಕೆ ಕೊಡುವ ಸೂಚನೆಗಳಲ್ಲಿಯೂ ಓ.ಆರ್.ಎಸ್., ನಿಂಬೆ ನೀರು, ಗಂಜಿ ತಿಳಿಗಳ ಜೊತೆಗೆ ಮಜ್ಜಿಗೆ ಇದೆ.

ಆದರೆ ಓ.ಆರ್.ಎಸ್. ಮತ್ತು ಮಜ್ಜಿಗೆ ಒಂದೇ ಎಂದು ತಿಳಿಯಕೂಡದು. ಓ.ಆರ್.ಎಸ್.ನಲ್ಲಿ ಲೀಟರಿಗೆ ೧೩.೫ ಗ್ರಾಂ ಗ್ಲೂಕೋಸ್ ಇದೆ. ಭೇದಿಯಾಗುತ್ತಿರುವ ಕರುಳಿನಲ್ಲಿಯೂ ಗ್ಲೂಕೋಸ್ ತನ್ನ ಜೊತೆಗೆ ಉಪ್ಪನ್ನೂ, ಅದರ ಹಿಂದೆ ನೀರನ್ನೂ ರಕ್ತದೊಳಗೆ ಎಳೆದುಕೊಂಡು ಹೋಗುತ್ತದೆ. ೧೯೭೧ರಲ್ಲಿ ಬಂಗಾಳದ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದೆ ಹೋದಾಗ ಡಾ. ದಿಲೀಪ್ ಮಹಲನಬೀಸ್ ಅವರು ಈ ಉಪ್ಪು ಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ಕಲಸಿಟ್ಟು ಅಸಂಖ್ಯ ಜೀವಗಳನ್ನು ಉಳಿಸಿದರು. ಅವರು ತೀರಿಕೊಂಡದ್ದು ೨೦೨೨ರಲ್ಲಿ. ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂದಿತು. ಮಗುವಿಗೆ ಭೇದಿಯಾದರೆ ಮೊದಲು ಓ.ಆರ್.ಎಸ್.; ಮಜ್ಜಿಗೆ, ಗಂಜಿಗಳು ಅದರ ಜೊತೆಗೆ. ಆರು ತಿಂಗಳೊಳಗಿನ ಕೂಸಿಗೆ ಮಜ್ಜಿಗೆ ಬೇಡ, ತಾಯಿಯ ಹಾಲನ್ನು ನಿಲ್ಲಿಸಲೂ ಬೇಡ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು.

ತೋಟದಲ್ಲಿಯೂ ಇಂಥದ್ದೇ ಒಂದು ಗೆರೆ ಇದೆ. ಸುಸ್ತಾಗಿ ಕುಳಿತವನಿಗೆ, ಮಾತಾಡುತ್ತಿರುವವನಿಗೆ ನೆರಳಿನಲ್ಲಿ ಮಜ್ಜಿಗೆ ಕೊಡಿ. ಮಾತು ತೊದಲುತ್ತಿದ್ದರೆ, ಏನೇನೋ ಬಡಬಡಿಸುತ್ತಿದ್ದರೆ, ಮೈ ಕೆಂಡವಾಗಿದ್ದರೆ, ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹೊಯ್ಯಬಾರದು. ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಬಟ್ಟೆ ಸಡಿಲಿಸಿ, ಪಂಪಿನ ನೀರನ್ನೇ ತಲೆಯಿಂದ ಕಾಲಿನವರೆಗೆ ಸುರಿದು, ಗಾಳಿ ಬೀಸುತ್ತಾ ಆಸ್ಪತ್ರೆಗೆ ಸಾಗಿಸಬೇಕು. ಅದು ಬಿಸಿಲಿನ ಆಘಾತ, ನಿಮಿಷ ನಿಮಿಷಕ್ಕೂ ಬೆಲೆಯಿದೆ. ಬೇಸಿಗೆಯಲ್ಲಿ ಮಧ್ಯಾಹ್ನ ೧೨ರಿಂದ ೩ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಕೇರಳದ ಕಾರ್ಮಿಕ ಇಲಾಖೆ ವರ್ಷ ವರ್ಷವೂ ಆದೇಶ ಹೊರಡಿಸುತ್ತದೆ. ನಮ್ಮ ಭಕ್ತರಲ್ಲಿ ಕೆಲವರು ಅದನ್ನು ಕಾಗದದ ಮಾತೆಂದು ತಿಳಿದಿದ್ದಾರೆ. ಹತ್ತು ಲೋಟ ಮಜ್ಜಿಗೆ ಕೊಟ್ಟರೂ ಆ ಮೂರು ಗಂಟೆಯ ಬಿಸಿಲಿಗೆ ಅದು ಪರಿಹಾರವಾಗದು.

ಇನ್ನು ಪೇಟೆಯ ವ್ಯಾಪಾರಸ್ಥರ ಪ್ರಶ್ನೆ. ಇವರಿಗೆ ನಾವು ಪತ್ರ ಬರೆದು, ಮಜ್ಜಿಗೆಗೆ ಉಪ್ಪು ಹೇಗೆ ಹಾಕುತ್ತೀರಿ ಎಂದು ಕೇಳಿದೆವು. ಒಂದು ಲೀಟರಿಗೆ ಒಂದು ಚಮಚ ತುಂಬ ಎಂದು ಉತ್ತರ ಬಂತು. ಒಂದು ಟೀ ಚಮಚ ಪುಡಿ ಉಪ್ಪೆಂದರೆ ಐದಾರು ಗ್ರಾಂ. ನಾಲ್ಕು ಲೋಟವೆಂದರೆ ೮೦೦ ಮಿಲಿಲೀಟರ್. ಅದರಲ್ಲಿ ಉಪ್ಪು ನಾಲ್ಕು ಗ್ರಾಂಗಿಂತ ಹೆಚ್ಚು. ದೊಡ್ಡವರೊಬ್ಬರು ದಿನವೊಂದಕ್ಕೆ ಎಲ್ಲ ಆಹಾರ ಸೇರಿ ತಿನ್ನಬೇಕಾದ ಉಪ್ಪು ಐದು ಗ್ರಾಂಗಿಂತ ಕಡಿಮೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಸಾರು, ಪಲ್ಯ, ಹಪ್ಪಳ, ಉಪ್ಪಿನಕಾಯಿ ಇವುಗಳ ಲೆಕ್ಕ ಪ್ರಾರಂಭವಾಗುವ ಮೊದಲೇ ಇವರ ಉಪ್ಪಿನ ಪಡಿ ಹೆಚ್ಚುಕಡಿಮೆ ತೀರಿಹೋಗಿದೆ! ಅದರ ಮೇಲೆ ಊಟಕ್ಕೆ ಕರಿದ ಮಜ್ಜಿಗೆ ಮೆಣಸು. ಇವರು ಕುಳಿತಿರುವುದು ಗಲ್ಲಾಪೆಟ್ಟಿಗೆಯ ಮುಂದೆ, ಫ್ಯಾನಿನ ಕೆಳಗೆ. ಬೆವರಿನ ಖಾತೆಯಲ್ಲಿ ಖರ್ಚೇ ಇಲ್ಲದೆ ಜಮಾ ಮಾತ್ರ ಏರುತ್ತಿದ್ದರೆ ಅದು ರಕ್ತನಾಳದ ಮೇಲೆ ಕೂರುತ್ತದೆ.

ಇವರು ಮಜ್ಜಿಗೆ ಬಿಡಬೇಕಾಗಿಲ್ಲ, ಅದರೊಳಗಿನ ಉಪ್ಪನ್ನು ಬಿಟ್ಟರೆ ಸಾಕು. ಕೊಬ್ಬು ತೆಗೆದ ಹೈನ, ಹಣ್ಣು, ತರಕಾರಿಗಳನ್ನು ಹೆಚ್ಚಾಗಿ ಸೇವಿಸುವ ಊಟದಿಂದ ರಕ್ತದೊತ್ತಡ ಇಳಿಯುತ್ತದೆಂದು ಅಮೆರಿಕದಲ್ಲಿ ೧೯೯೭ರಲ್ಲಿ ಪ್ರಕಟವಾದ ಡ್ಯಾಶ್ ಎಂಬ ಅಧ್ಯಯನ ತೋರಿಸಿಕೊಟ್ಟಿದೆ. ಶುಂಠಿ, ಹುರಿದ ಜೀರಿಗೆಯ ಪುಡಿ, ಇಂಗು, ಕರಿಬೇವು, ಕೊತ್ತಂಬರಿ, ಒಂದೆರಡು ನಿಂಬೆ ಎಲೆ ಹಾಕಿದರೆ ಉಪ್ಪಿಲ್ಲದ ಕೊರತೆ ಹತ್ತು ದಿನದಲ್ಲಿ ನಾಲಗೆಗೆ ಮರೆತುಹೋಗುತ್ತದೆ. ಸೈಂಧವ ಲವಣ ಹಾಕಿದರೆ ಬಿ.ಪಿ.ಗೆ ಬಾಧಕವಿಲ್ಲವೆಂದು ಹಲವರು ನಂಬಿದ್ದಾರೆ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಹೆಸರು, ಬಣ್ಣ, ಬೆಲೆ ಮಾತ್ರ ಬೇರೆ. ಅಂಗಡಿಯಲ್ಲಿ ಸಿಕ್ಕುವ ಪೊಟ್ಯಾಸಿಯಂ ಬೆರೆತ ಉಪ್ಪನ್ನು ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಉಪಯೋಗಿಸಕೂಡದು. ಅಂಥವರು, ಹೃದಯದ ಕಾಯಿಲೆಗಾಗಿ ನೀರಿಗೂ ಮಿತಿ ಹೇಳಿಸಿಕೊಂಡವರು ಮಜ್ಜಿಗೆಯ ಪ್ರಮಾಣವನ್ನೂ ವೈದ್ಯರಿಂದಲೇ ತಿಳಿಯಬೇಕು. ಬಿ.ಪಿ. ಮಾತ್ರೆಯನ್ನು ಮಜ್ಜಿಗೆಯ ಭರವಸೆಯ ಮೇಲೆ ನಿಲ್ಲಿಸುವುದಂತೂ ಸರ್ವಥಾ ಬೇಡ.

ಬಿ.ಪಿ. ಇದ್ದೂ ಬಿಸಿಲಿನಲ್ಲಿ ಸ್ವತಃ ದುಡಿಯುವ ರೈತರು ಏನು ಮಾಡಬೇಕೆಂದರೆ, ದುಡಿದು ಬೆವರಿದ ದಿನ ಒಂದೆರಡು ಲೋಟ ಅಳತೆಯ ಉಪ್ಪಿನ ಮಜ್ಜಿಗೆ, ಮನೆಯಲ್ಲಿ ಕುಳಿತ ದಿನ ಸಪ್ಪೆ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬೇಸಿಗೆಗೆ ಮುಂಚೆ ವೈದ್ಯರೊಡನೆ ಒಮ್ಮೆ ಮಾತಾಡುವುದು ಲೇಸು. ಮಧುಮೇಹದವರಿಗೆ ಸಕ್ಕರೆ ಹಾಕದ ಮಜ್ಜಿಗೆ ಅನುಕೂಲವೇ. ೩೦೦ ಮಿಲಿಲೀಟರಿನ ಒಂದು ಕೋಲಾ ಬಾಟಲಿಯಲ್ಲಿ ೩೦ ಗ್ರಾಂ ಆಸುಪಾಸು ಸಕ್ಕರೆ ಇದೆ ಎಂಬುದನ್ನು ಮಕ್ಕಳಿಗೆ ತಿಳಿಹೇಳಬೇಕು.

ಮಾತ್ರೆಗಳ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಮಳೆಗಾಲದಲ್ಲಿ ಇಲಿಜ್ವರ ಬಾರದಿರಲೆಂದು ಗದ್ದೆ, ತೋಟ, ಹಟ್ಟಿಗಳಲ್ಲಿ ಕೆಲಸ ಮಾಡುವವರಿಗೆ ಆರೋಗ್ಯ ಇಲಾಖೆಯವರು ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತಾರೆ. ಹಾಲು, ಮೊಸರು, ಮಜ್ಜಿಗೆಗಳಲ್ಲಿರುವ ಸುಣ್ಣದ ಅಂಶ ಇಂಥ ಮಾತ್ರೆ ಮೈಗೆ ಹತ್ತುವುದನ್ನು ಕಡಿಮೆ ಮಾಡುತ್ತದೆ. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆಗೂ ಇದು ಅನ್ವಯಿಸುತ್ತದೆ. ಇವನ್ನು ನೀರಿನೊಡನೆ ನುಂಗಿ, ಮಜ್ಜಿಗೆಗೆ ಎರಡು ಗಂಟೆ ಅಂತರ ಕೊಡಬೇಕು.

ಮಜ್ಜಿಗೆಯ ಐದು ಪಾಲಿನಲ್ಲಿ ನಾಲ್ಕು ಪಾಲು ನೀರು. ಆದ್ದರಿಂದ ನೀರು ಕೆಟ್ಟರೆ ಮಜ್ಜಿಗೆ ಕೆಟ್ಟಂತೆ. ಬಾಯಾರು, ಎಣ್ಮಕಜೆ ಕಡೆಯ ಗುಡ್ಡಗಳಲ್ಲಿ ಕೊರೆದ ಸುರಂಗಗಳ ನೀರು ಕಣ್ಣಿಗೆ ಹಳ್ಳದ ನೀರಿಗಿಂತ ತಿಳಿಯಾಗಿ ಕಾಣುತ್ತದೆ. ಆದರೆ ಕಣ್ಣಿಗೆ ತಿಳಿಯಾದದ್ದೆಲ್ಲ ಶುದ್ಧವಲ್ಲ. ಬೇಸಿಗೆಯ ಕೊನೆಗೆ ಬಾವಿಗಳಲ್ಲಿ ನೀರು ತಳ ಕಂಡಾಗ ಕಾಮಾಲೆ, ಭೇದಿಗಳು ಹರಡಲು ಅವಕಾಶ ಹೆಚ್ಚು. ಮಜ್ಜಿಗೆಯ ಹುಳಿಯಿಂದ ರೋಗಾಣು ಸಾಯುತ್ತದೆಂಬ ಧೈರ್ಯ ಬೇಡ. ಅಷ್ಟು ತೆಳುವಾದ ಮೇಲೆ ಆ ಹುಳಿಗೆ ಅಂಥ ಶಕ್ತಿ ಉಳಿಯುವುದಿಲ್ಲ. ಹಿಂದಿನ ರಾತ್ರಿಯೇ ನೀರು ಕುದಿಸಿ ಆರಿಸಿ, ಮಣ್ಣಿನ ಮಡಕೆಯಲ್ಲಿಟ್ಟರೆ ಬೆಳಗ್ಗೆ ತಂಪಾಗಿಯೂ ಇರುತ್ತದೆ. ಮೀನು ಕೆಡದಂತಿಡಲು ತಯಾರಿಸುವ ಐಸನ್ನು ಪಾನೀಯಕ್ಕೆ ಒಡೆದು ಹಾಕುವುದನ್ನು ಜಾತ್ರೆಗಳಲ್ಲಿ ಕಂಡಿದ್ದೇವೆ. ಅದು ಕುಡಿಯುವ ನೀರಿನದೆಂದು ಯಾರೂ ಹೇಳಲಾರರು. ಹಾಲನ್ನು ಕಾಯಿಸಿಯೇ ಹೆಪ್ಪು ಹಾಕಬೇಕೆಂದು ನಮ್ಮ ಹೆಣ್ಣುಮಕ್ಕಳಿಗೆ 
ಹೇಳಿಕೊಡಬೇಕಾಗಿಲ್ಲ.

ಈ ಜಿಲ್ಲೆಯಲ್ಲಿ ಹಿಂದೆ ಮನೆಗೊಂದೆರಡು ಗಿಡ್ಡ ತಳಿಯ ಹಸುಗಳಿರುತ್ತಿದ್ದವು. ಕಾಸರಗೋಡು ಗಿಡ್ಡ ಎಂದು ಹೆಸರಾದ ಈ ಹಸು ಗುಡ್ಡದ ಸೊಪ್ಪು ಹುಲ್ಲು ಮೇಯ್ದುಕೊಂಡು ದಿನಕ್ಕೆ ಒಂದೆರಡು ಲೀಟರ್ ಹಾಲು ಕೊಟ್ಟರೆ ಹೆಚ್ಚು. ಆದರೆ ಮನೆಯ ಮೊಸರು ಮಜ್ಜಿಗೆಗೆ ಅದು ಸಾಕಾಗುತ್ತಿತ್ತು. ಕರೆಯುವ ಹಸುವಿದ್ದ ಮನೆಯಿಂದ ನೆರೆಯವರು ತಂಬಿಗೆಯಲ್ಲಿ ಮಜ್ಜಿಗೆ ಒಯ್ಯುತ್ತಿದ್ದರು; ಯಾರೂ ಅದಕ್ಕೆ ಕಾಸು ಕೇಳುತ್ತಿರಲಿಲ್ಲ. ಈಗ ಬದಿಯಡ್ಕದ ಬಳಿ ಸರಕಾರವೇ ಈ ತಳಿಯನ್ನು ಉಳಿಸಲು ಕೇಂದ್ರ ನಡೆಸಬೇಕಾಗಿದೆ. ಗಿಡ್ಡ ಹಸುವಿನ ಹಾಲಿಗೆ ಔಷಧಿಗುಣ ಹೇಳಿ ಹೆಚ್ಚು ಬೆಲೆ ಕೇಳುವವರು ಹುಟ್ಟಿಕೊಂಡಿದ್ದಾರೆ. ಆ ಗುಣಗಳು ಇನ್ನೂ ಸ್ಥಿರಪಟ್ಟಿಲ್ಲ. ಕಡಿಮೆ ಮೇವಿನಲ್ಲಿ, ನಮ್ಮ ಮಳೆ ಬಿಸಿಲುಗಳನ್ನು ತಾಳಿಕೊಂಡು ಬದುಕುತ್ತದೆ ಎಂಬ ಒಂದೇ ಕಾರಣಕ್ಕೆ ಅದು ಸಾಕಲು ಯೋಗ್ಯ. ಹಸುವಿಲ್ಲದವರು ಮಿಲ್ಮಾದ್ದೋ ನಂದಿನಿಯದ್ದೋ ಮೊಸರು ತಂದು ಮನೆಯಲ್ಲಿಯೇ ಮಜ್ಜಿಗೆ ಮಾಡಿಕೊಂಡರೆ ಒಂದು ಲೀಟರ್ ಮೊಸರಿಗೆ ೨೫ ಲೋಟ ಆಗುತ್ತದೆ. ಸಿದ್ಧ ಮಜ್ಜಿಗೆಯ ಪೊಟ್ಟಣದ ದರದೊಡನೆ ಹೋಲಿಸುವ ಕೆಲಸವನ್ನು ವ್ಯಾಪಾರಸ್ಥ ಭಕ್ತರಿಗೇ ಬಿಟ್ಟಿದ್ದೇವೆ. ಪೊಟ್ಟಣ ಕೊಳ್ಳುವವರು ತಾರೀಕನ್ನು ನೋಡುವಂತೆ ಸೋಡಿಯಂ ಎಷ್ಟೆಂಬುದನ್ನೂ ನೋಡಬೇಕು.

ಯುಗಾದಿಯಿಂದ ಮಳೆ ಹಿಡಿಯುವವರೆಗೆ ಅರವಟ್ಟಿಗೆ ನಡೆಸುವ ಭಕ್ತರು ಅಳತೆ ಕೇಳಿದ್ದಾರೆ. ಹತ್ತು ಲೀಟರಿಗೆ, ಅಂದರೆ ಐವತ್ತು ಲೋಟಕ್ಕೆ, ಹೀಗೆ: ಹುಳಿಯಾಗದ ಮೊಸರು ೨ ಲೀಟರ್, ಕುದಿಸಿ ಆರಿಸಿದ ನೀರು ೮ ಲೀಟರ್, ಅಯೋಡಿನ್ ಉಪ್ಪು ೩೦ ಗ್ರಾಂ, ಶುಂಠಿ ೫೦ ಗ್ರಾಂ, ಹಸಿಮೆಣಸು ಏಳೆಂಟು, ಕರಿಬೇವು ಒಂದು ಹಿಡಿ. ಮೊಸರನ್ನು ಮೊದಲು ಸ್ವಲ್ಪ ನೀರಿನಲ್ಲಿ ಚೆನ್ನಾಗಿ ಕಡೆದು, ಬೆಣ್ಣೆ ಬಂದರೆ ತೆಗೆದು, ಆಮೇಲೆ ಉಳಿದ ನೀರು ಸೇರಿಸಬೇಕು. ಶುಂಠಿ ಮೆಣಸನ್ನು ಜಜ್ಜಿ ಹಾಕಿ ಸೋಸಿದರೆ ಮಕ್ಕಳ ಗಂಟಲಿಗೆ ಸಿಕ್ಕುವುದಿಲ್ಲ. ಉಪ್ಪನ್ನು ಮುಷ್ಟಿಯಲ್ಲಿ ಹಾಕದೆ ತಕ್ಕಡಿಯಲ್ಲಿ ತೂಗಿ ಹಾಕಬೇಕು. ಕಲ್ಲುಪ್ಪು ಮತ್ತು ಪುಡಿ ಉಪ್ಪಿನ ಚಮಚದ ತೂಕ ಒಂದೇ ಅಲ್ಲ. ಪಕ್ಕದಲ್ಲಿ ಉಪ್ಪು ಹಾಕದ ಒಂದು ಸಣ್ಣ ಮಡಕೆಯನ್ನೂ ಇಟ್ಟು, ‘ಸಪ್ಪೆ’ ಎಂದು ಕನ್ನಡ, ಮಲಯಾಳ ಎರಡರಲ್ಲಿಯೂ ಚೀಟಿ ಅಂಟಿಸಿದರೆ ಬಿ.ಪಿ. ಇರುವ ಹಿರಿಯರು ನಿಸ್ಸಂಕೋಚವಾಗಿ ಕುಡಿಯುತ್ತಾರೆ.

ಒಮ್ಮೆಗೆ ಇಡೀ ದಿನಕ್ಕೆ ಬೇಕಾದಷ್ಟನ್ನು ಕಲಸಿಡಬಾರದು. ಎರಡು ಮೂರು ಗಂಟೆಗೆ ಸಾಕಾಗುವಷ್ಟು ಮಾಡಿ, ತೀರಿದ ಮೇಲೆ ಪಾತ್ರೆ ತೊಳೆದು ಮತ್ತೆ ಮಾಡಬೇಕು. ಪಾತ್ರೆ ಸ್ಟೀಲಿನದ್ದೋ ಮಣ್ಣಿನದ್ದೋ ಇರಲಿ. ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಯ ಕೊಳಗಗಳು ನೋಡಲು ಚೆಂದ, ಆದರೆ ಹುಳಿಗೆ ತಾಮ್ರ ಬಿಟ್ಟುಕೊಂಡು ವಾಂತಿಗೆ ಕಾರಣವಾಗುತ್ತದೆ. ಕುಡಿದ ಲೋಟವನ್ನು ಮತ್ತೆ ಮಡಕೆಯೊಳಗೆ ಅದ್ದದಂತೆ ಉದ್ದ ಹಿಡಿಯ ಸೌಟು ಇಟ್ಟು ಒಬ್ಬರೇ ಬಡಿಸಬೇಕು. ಅರವಟ್ಟಿಗೆಗಾಗಿ ಮೊಸರು, ಶುಂಠಿ, ಸ್ಟೀಲ್ ಡ್ರಮ್ ಕೊಡಲಿಚ್ಛಿಸುವ ಭಕ್ತರು ಕಾರ್ಯಾಲಯದಲ್ಲಿ ಹೆಸರು ಬರೆಸಿ ರಸೀದಿ ಪಡೆಯತಕ್ಕದ್ದು. ಮೊಸರನ್ನು ಹಿಂದಿನ ದಿನ ಸಂಜೆಯೊಳಗೆ ತಿಳಿಸಿದರೆ ಬೇರೆಯವರಿಗೆ ಅಂದಿನ ಮಟ್ಟಿಗೆ ಬೇಡವೆಂದು ಹೇಳಲು ಅನುಕೂಲವಾಗುತ್ತದೆ.